ಚೀಲದ ಮ್ಯಾಲಿನ ಊರು

ಕಾರಟಗಿಯ ರೈಸ್ ಮಿಲ್ಲಿನ್ಯಾಗ ಚೀಲಕ್ಕ ಹೆಸರು ಬರಿಯಾಂವ ನಾನು,
ಹುಸೇನಪ್ಪ. ತಗಡಿನ್ಯಾಗ ಅಕ್ಷರ ಕೊರದು, ನೀಲಿ ಬಣ್ಣ ಸವರಿ
ಎತ್ತಿದರ ಮುಗೀತು. ತೂಕ, ವರ್ಷ, ಊರು.
ಇಪ್ಪತ್ತೆರಡು ವರ್ಷದಿಂದ ಬೆರಳು ನೀಲಿ,
ಉಣ್ಣಾಕ ಕುಂತಾಗ ಹೆಂಡತಿ ಬೈತಾಳ.

ಆ ಸಲ ಟಿವಿಯೊಳಗ ಇಬ್ಬರು ಮಂತ್ರಿಗಳು
ಉದ್ದನ ಟೇಬಲ್ಲಿನ ಆಚೆ ಈಚೆ ಕುಂತು
ಫೈಲು ಅದಲಿ ಬದಲಿ ಮಾಡಿಕೊಂಡರು.
ಹಿಂದ ಎರಡು ಬಾವುಟ, ಮುಂದ ಯಾರೂ ಮುಟ್ಟದ ಗೋಡಂಬಿ.
ಚೌದ್ರಿ ಸಾಹುಕಾರ ಕುರ್ಚಿ ಬಿಟ್ಟು ಎದ್ದ:
"ಢಾಕಾದವರು ಅಕ್ಕಿ ಸುಂಕ ಇಳಿಸ್ಯಾರೋ!
ಕುಸುಬಲಕ್ಕಿ, ಎರಡು ಲಾರಿ, ಎಂಟುನೂರು ಚೀಲ.
ಮ್ಯಾಲೆ ಅವರ ಭಾಷಾದಾಗ ಬರೀಬೇಕಂತ."

ನನಗ ಕನ್ನಡ ಬರತೈತಿ, ತೆಲುಗು ಓದತೀನಿ,
ಉರ್ದು ಅರ್ಧಕ್ಕ ಬಿಟ್ಟೀನಿ.
ಬಂಗಾಲಿ ಎಲ್ಲಿಂದ ತರಲಿ?
"ಸಿಂಧನೂರು ಕ್ಯಾಂಪಿನಾಕಿ ಅದಾಳಲ್ಲ, ನುಚ್ಚು ಹಸನ ಮಾಡಾಕಿ,"
ಅಂದ ಹಮಾಲರ ಯಂಕೋಬ.
ಈ ಕಾಲಿವಿ ಸೀಮ್ಯಾಗ ಯಾರಿಗೈತಿ ಊರು? ಎಲ್ಲಾರದೂ ಕ್ಯಾಂಪು.
ಚೌದ್ರಿಯದೂ ಒಂದು. ಅವರಪ್ಪ ಗುಂಟೂರಿನಿಂದ ಬಂದಾಂವ.

ಬಿನೋದಿನಿ ಮಂಡಲ್. ನಮ್ಮ ಬಾಯಾಗ ಬಿನೋದಮ್ಮ.
ಏಳು ವರ್ಷದಾಕಿ ಇದ್ದಾಗ ರಾತ್ರಿ ದೋಣಿ ಹತ್ತಿದಾಕಿ,
ಆಮ್ಯಾಲೆ ರೈಲು, ಆಮ್ಯಾಲೆ ಸರಕಾರದ ಡೇರೆ, ಆಮ್ಯಾಲೆ ಈ ಎರೆಮಣ್ಣು.
ಎರಡನೇ ಇಯತ್ತೆಗೆ ನಿಂತ ಅಕ್ಷರ.
ಇದ್ದಲಿ ಹಿಡದು ಬರದಳು, ನಾಲಿಗಿ ಕಚ್ಚಿಕೊಂಡು.
ಮೊದಲು ಉದ್ದಕ್ಕೊಂದು ಗೆರಿ, ಅದಕ ಅಕ್ಷರ ಇಳಿಬಿಟ್ಟಳು
ಹಗ್ಗಕ್ಕ ಒಣಹಾಕಿದ ಅರಿವಿ ಹಂಗ.
ನಮ್ಮವು ನೋಡ್ರಿ, ತನ್ನ ತಲಕಟ್ಟು ತಾನ ಕಟ್ಟಿಕೊಂಡು
ಬ್ಯಾರೆ ಬ್ಯಾರೆ ಕುಂತಿರತಾವ, ಕಟ್ಟಿ ಮ್ಯಾಲಿನ ಹಿರೇರಂಗ.

"ಚಾಲ್," ಅಂತ ಓದಿದಳು. ಅಂದ್ರ ಅಕ್ಕಿ.
ಗುರುತಿಲ್ಲದ ಗೆರಿ ಕೊರೆಯೋದು ಕಷ್ಟ,
ಎಲ್ಲಿ ತಿರುಗಬೇಕಂತ ಕೈ ಕೇಳತಿತ್ತು.

ಕಡೀ ದಿನ ಇನ್ನೊಂದು ಚೀಟಿ ತಂದಳು.
"ಒಂದೇ ಒಂದು ಚೀಲಕ್ಕ, ಹುಸೇನಣ್ಣ. ನಡುವಿನ ಥಪ್ಪಿಗೆ ಹಾಕು,
ಯಾರಿಗೂ ಕಾಣೂದಿಲ್ಲ."
ಏನಿದು?
"ಶಿಮುಲ್‌ಖಾಲಿ."
ತುಂಬಿದ ಚೀಲಕ್ಕ ಖಾಲಿ ಅಂತ ಬರೀತಾರೇನಬೇ!
ನಕ್ಕಳು, ಉಳಿದ ನಾಕು ಹಲ್ಲು ಕಾಣೂವಂಗ.
"ನಮ್ಮ ಕಡೆ ಖಾಲ್ ಅಂದ್ರ ಕಾಲಿವಿ. ಶಿಮುಲ್ ಅಂದ್ರ ಬೂರುಗದ ಗಿಡ.
ಕಾಲಿವಿ ದಂಡಿಗೆ ಬೂರುಗ ಇದ್ದ ಊರು."
ಮಿಲ್ಲಿನ ಹಿಂದ ಎಡದಂಡೆ ಕಾಲಿವಿ ಹರೀತಿತ್ತು.
ನಾವಿಬ್ಬರೂ ಆ ಕಡೆ ನೋಡಲಿಲ್ಲ.

ಲಾರಿ ಹೋದವು. ಡ್ರೈವರ್ ಮಹೆಬೂಬನ ಫೋನು:
ಒಂಬತ್ತನೇ ದಿನ, ಪೆಟ್ರಾಪೋಲ್ ಗಡಿ, ಐದು ಕಿಲೋಮೀಟರ್ ಸಾಲು,
ಎಳನೀರು ಎಪ್ಪತ್ತು ರೂಪಾಯಿ.
ಹದಿನಾಲ್ಕನೇ ದಿನ, ಅಲ್ಲೇ.
ದಿಲ್ಲಿಯಾಗ ಯಾರೋ ಏನೋ ಅಂದರಂತ,
ಅದಕ ಢಾಕಾದಾಗ ಇನ್ಯಾರೋ ಮಾರುತ್ತರ ಕೊಟ್ಟರಂತ.
ಟಿವಿಯೊಳಗ ಅದೇ ಟೇಬಲ್ಲು, ಕುರ್ಚಿ ಖಾಲಿ.
ಈ ಖಾಲಿ ನಮ್ಮ ಖಾಲಿ.

ಸುಂಕ ಏರಿತು, ಗೇಟು ಇಳೀತು.
ತಿಂಗಳೊಪ್ಪತ್ತಿಗೆ ಲಾರಿ ಹೊಳ್ಳಿ ಬಂದವು
ಮುಗ್ಗಲು ವಾಸನಿ ಹೊತ್ತುಕೊಂಡು.
ಹಮಾಲರು ಇಳಿಸಿದರು, ನಾನು ಎಣಿಸಿದೆ:
ಏಳುನೂರಾ ತೊಂಬತ್ತೊಂಬತ್ತು.
ಇನ್ನೊಮ್ಮೆ ಎಣಿಸಿದೆ. ಥಪ್ಪಿ ಬಿಚ್ಚಿ
ಒಂದೊಂದರ ಮುಖ ತಿರುವಿ ನೋಡಿದೆ.
ಅದೊಂದಿಲ್ಲ.
ಮಹೆಬೂಬ ಅಲ್ಲಾನ ಆಣಿ ಮಾಡಿದ.
ಚೌದ್ರಿ ಅವನ ಬಾಡಿಗ್ಯಾಗ ಮುರಕೊಂಡ.

ಬಿನೋದಮ್ಮಗ ಹೇಳಿದೆ. ಮೊರ ಹಿಡಿದ ಕೈ ನಿಂತಿತು.
"ಇಲಿ ತಿಂದಿರಬೇಕು."
ಐವತ್ತು ಕಿಲೋನ?
"ಅಲ್ಲಿ ಇಲಿ ದೊಡ್ಡವು," ಅಂದು
ಮತ್ತ ನುಚ್ಚು ಕೇರಾಕ ಹತ್ತಿದಳು, ಮುಖ ಆ ಕಡೆ ಮಾಡಿ.

ತಗಡು ಇನ್ನೂ ಕಿಡಕಿ ಸರಳಿಗೆ ತೂಗುಹಾಕೀನಿ.
ಮುಂಜಾನಿ ಎಂಟರ ಸುಮಾರಿಗೆ ಬಿಸಲು ಅದರಾಗ ಹಾದು
ತೌಡು ಬಿದ್ದ ನೆಲದ ಮ್ಯಾಲೆ ಒಂದು ಊರು ಬೀಳತೈತಿ, ಡೊಂಕಾಗಿ.
ಹಮಾಲರು ತುಳಕೋತ ಹೋಗತಾರ.
ಒಂಬತ್ತಕ್ಕ ಇರೂದಿಲ್ಲ.